ನಿಮ್ಮ ಪಾತ್ರದ ಹಳೇ ಬಾಕಿ ಏನು? ಡಿ ಅಂಡ್ ಡಿ ಆಟಕ್ಕೆ ಬ್ಯಾಕ್‌ಸ್ಟೋರಿ ಬರೆಯುವ ಬಗೆ

ಎರಡು ವರ್ಷದ ಹಿಂದೆ ನಮ್ಮ ಭಾನುವಾರದ ಆಟಕ್ಕೆ ಹೊಸ ಹುಡುಗನೊಬ್ಬ ಸೇರಿಕೊಂಡ. ಆಟ ಶುರುವಾಗುವ ಹಿಂದಿನ ರಾತ್ರಿ ತನ್ನ ಪಾತ್ರದ ಬ್ಯಾಕ್‌ಸ್ಟೋರಿ, ಅಂದರೆ ಹಿಂದಿನ ಕಥೆ, ಕಳಿಸಿದ. ಹನ್ನೊಂದು ಪುಟ. ಆಟ ನಡೆಸುವುದು ನಾನೇ ಆದ್ದರಿಂದ ಕೂತು ಪೂರ್ತಿ ಓದಿದೆ. ಚೆನ್ನಾಗಿತ್ತು. ರಾಜಮನೆತನದಲ್ಲಿ ಹುಟ್ಟಿದ ಮಗು, ಚಿಕ್ಕಪ್ಪನ ದ್ರೋಹ, ತಂದೆತಾಯಿಯ ಕೊಲೆ, ಕಾಡಿನಲ್ಲಿ ಸಿಕ್ಕ ಗುರು, ಕತ್ತಿವರಸೆ, ಕೊನೆಗೆ ಚಿಕ್ಕಪ್ಪನನ್ನು ಕೊಂದು ಸೇಡು ತೀರಿಸಿಕೊಂಡದ್ದು. ಎಲ್ಲ ಇತ್ತು.

ಆರು ವಾರ ಆಡಿದೆವು. ಆ ಹನ್ನೊಂದು ಪುಟದ ಒಂದು ಸಾಲೂ ಆಟದೊಳಗೆ ಬರಲಿಲ್ಲ. ತರಬೇಕು ಅಂತ ನಾನು ಪ್ರತಿ ವಾರ ನೋಡಿದೆ. ಆಗಲಿಲ್ಲ. ತರುವುದಕ್ಕೆ ಏನೂ ಉಳಿದಿರಲಿಲ್ಲ. ಸಾಯಬೇಕಾದವನು ಸತ್ತಿದ್ದ. ಅಳಬೇಕಾದವರು ಅತ್ತು ಮುಗಿದಿತ್ತು. ಏಳನೇ ವಾರ ಹುಡುಗ ಬರಲಿಲ್ಲ, ಆಮೇಲೂ ಬರಲಿಲ್ಲ. ಅವನದ್ದೇನೂ ತಪ್ಪಿಲ್ಲ. ಅವನು ಬರೆಯಲು ಕೂರುವ ಮೊದಲೇ ನಾನು ಅವನ ಜೊತೆ ಒಂದು ಗಂಟೆ ಮಾತಾಡಬೇಕಿತ್ತು. ಅವತ್ತು ಹೇಳದೆ ಹೋದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ, ಅನ್ನುವುದು ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ ಆಟ. ನಾಲ್ಕೈದು ಜನ ಇರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಊರು, ಕಾಡು, ಅಂಗಡಿಯವನು, ರಾಕ್ಷಸ, ಮಳೆ ಎಲ್ಲವೂ ಅವರ ಬಾಯಿಂದಲೇ ಬರಬೇಕು. ಉಳಿದವರಿಗೆ ತಲೆಗೊಂದು ಪಾತ್ರ. "ನಾನು ಗೋಡೆ ಹತ್ತುತ್ತೇನೆ" ಅಂತ ನೀವು ಹೇಳುತ್ತೀರಿ. 20 ಮುಖದ ದಾಳ ಉರುಳಿಸುತ್ತೀರಿ. ಹತ್ತಿದಿರೋ ಬಿದ್ದಿರೋ ಅನ್ನುವುದು ಆಗ ತಿಳಿಯುತ್ತದೆ. ಮುಂದೆ ಏನಾಗುತ್ತದೆ ಅನ್ನುವುದು ಡಿಎಂಗೂ ಪೂರ್ತಿ ಗೊತ್ತಿರುವುದಿಲ್ಲ. ಆ ಪಾತ್ರ ಆಟಕ್ಕೆ ಬರುವ ಮೊದಲು ಏನಾಗಿತ್ತು, ಎಲ್ಲಿತ್ತು ಅನ್ನುವುದೇ ಬ್ಯಾಕ್‌ಸ್ಟೋರಿ.

ಹೆಸರೂ ಇಲ್ಲದ ಸೈನಿಕರಿಂದ

ಮೊದಮೊದಲು ಬ್ಯಾಕ್‌ಸ್ಟೋರಿ ಅನ್ನುವುದೇ ಇರಲಿಲ್ಲ. ಈ ಆಟ ಹುಟ್ಟಿದ್ದು ಮೇಜಿನ ಮೇಲೆ ಗೊಂಬೆ ಇಟ್ಟು ಆಡುವ ಯುದ್ಧದ ಆಟಗಳಿಂದ. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರ್ರೆನ್ 'ಚೈನ್‌ಮೇಲ್' ಅನ್ನುವ ನಿಯಮಗಳ ಪುಸ್ತಕ ತಂದರು. ಅದರ ದೊಡ್ಡ ಕಾಳಗಗಳಲ್ಲಿ ಒಂದು ಗೊಂಬೆ ಅಂದರೆ 20 ಸೈನಿಕರು. ಇಪ್ಪತ್ತು ಜನಕ್ಕೆ ಒಂದು ಗೊಂಬೆ ಅಂದಮೇಲೆ ಅವರ ಅಮ್ಮಂದಿರ ಹೆಸರು ಯಾರು ಕೇಳುತ್ತಾರೆ? ಅದೇ ಹೊತ್ತಿಗೆ ಅಮೆರಿಕದ ಮಿನೆಸೋಟಾದಲ್ಲಿ ಡೇವ್ ಆರ್ನೆಸನ್ ತಮ್ಮ 'ಬ್ಲ್ಯಾಕ್‌ಮೂರ್' ಆಟದಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಾತ್ರ ಕೊಟ್ಟು ವಾರವಾರ ಆಡಿಸುತ್ತಿದ್ದರು. ಎರಡೂ ಕೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು.

ಆಗಿನ ಪಾತ್ರ ಅಂದರೆ ಬಲ, ಬುದ್ಧಿ ಥರದ ಆರು ಗುಣಕ್ಕೆ ಆರು ಸಂಖ್ಯೆ ಮತ್ತು ಒಂದು ಹೆಸರು. ಒಂದೊಂದು ಗುಣಕ್ಕೂ ಆರು ಮುಖದ ಮೂರು ದಾಳ ಉರುಳಿಸಿ ಕೂಡಿಸಿಕೊಂಡರೆ ಮುಗಿಯಿತು. ಮಂತ್ರವಾದಿ ಒಂದೇ ಏಟಿಗೆ ಸಾಯಬಹುದಿತ್ತು. ಇವತ್ತು ರಾತ್ರಿಯೇ ಸಾಯಬಹುದಾದವನ ಬಾಲ್ಯ ಬರೆದು ಏನು ಮಾಡುವುದು, ಅಲ್ವಾ?

ಬದಲಾವಣೆ ಬಂದದ್ದು ಬೇರೆ ಆಟಗಳ ಕಡೆಯಿಂದ. 1977ರ 'ಟ್ರಾವೆಲರ್' ನನಗೆ ತುಂಬ ಇಷ್ಟ. ಅದು ಬಾಹ್ಯಾಕಾಶದ ಆಟ. ಅಲ್ಲಿ ಪಾತ್ರದ ಹಿಂದಿನ ಬದುಕನ್ನೇ ದಾಳದಲ್ಲಿ ಆಡುತ್ತೀರಿ. ನಾಲ್ಕು ವರ್ಷ ನೌಕಾಪಡೆ, ಇನ್ನೂ ನಾಲ್ಕು ವರ್ಷ ಅಂತ ಒಂದೊಂದು ಅವಧಿಗೂ ಉಳಿದನೋ ಇಲ್ಲವೋ ಅಂತ ದಾಳ ಹಾಕಬೇಕು. ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗಬಹುದಿತ್ತು. ಇನ್ನೊಂದು ಅವಧಿ ದುಡಿದು ಅನುಭವ ಜಾಸ್ತಿ ಮಾಡಿಕೊಳ್ಳಲೋ, ಬದುಕಿದ್ದೇ ಸಾಕು ಅಂತ ಕೆಲಸ ಬಿಟ್ಟು ಬರಲೋ ಅನ್ನುವ ತೊಳಲಾಟ ಪಾತ್ರಕ್ಕೆ ಇರಬೇಕಾದದ್ದೇ.

1981ರ ಸೂಪರ್‌ಹೀರೋ ಆಟ 'ಚಾಂಪಿಯನ್ಸ್' ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನಿಮ್ಮ ಪಾತ್ರವನ್ನು ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರಾ? ಪಾಯಿಂಟ್ ತಗೊಳ್ಳಿ. ನಿಮ್ಮನ್ನೇ ನಂಬಿಕೊಂಡ ಒಬ್ಬ ಬಡಪಾಯಿ ಮನೆಯಲ್ಲಿದ್ದಾರಾ? ಅದಕ್ಕೂ ಪಾಯಿಂಟ್. ಆ ಪಾಯಿಂಟ್‌ನಲ್ಲಿ ಶಕ್ತಿ ಕೊಂಡುಕೊಳ್ಳಿ. ಹಿಂದಿನಿಂದ ಬೆನ್ನುಹತ್ತಿ ಬರುವ ತೊಂದರೆಯೇ ಪಾತ್ರದ ಬಂಡವಾಳ ಅನ್ನುವುದನ್ನು ಈ ನಿಯಮ ಲೆಕ್ಕದಲ್ಲೇ ತೋರಿಸಿತು.

ಡಿ ಅಂಡ್ ಡಿಯ ಐದನೇ ಆವೃತ್ತಿ ಬಂದದ್ದು 2014ರಲ್ಲಿ. ಅದರ ಆಟಗಾರರ ಕೈಪಿಡಿಯಲ್ಲಿ 13 ಹಿನ್ನೆಲೆಗಳಿದ್ದವು: ಸೈನಿಕ, ನಾವಿಕ, ಸನ್ಯಾಸಿ, ಬೀದಿಮಗು, ಹಳ್ಳಿಯ ವೀರ ಹೀಗೆ. ಪ್ರತಿಯೊಂದರ ಜೊತೆ ನಾಲ್ಕು ಪಟ್ಟಿ. ಸ್ವಭಾವ ಏನು, ಯಾವುದನ್ನು ದೊಡ್ಡದೆಂದು ನಂಬಿದ್ದಾನೆ, ಯಾರಿಗೆ ಅಥವಾ ಯಾವುದಕ್ಕೆ ಕಟ್ಟುಬಿದ್ದಿದ್ದಾನೆ, ಎಲ್ಲಿ ಜಾರುತ್ತಾನೆ. ದಾಳ ಉರುಳಿಸಿಯೂ ಆರಿಸಬಹುದಿತ್ತು. 2024ರ ಹೊಸ ಕೈಪಿಡಿಯಲ್ಲಿ ಹಿನ್ನೆಲೆಗಳು 16 ಆದವು, ಆದರೆ ಆ ನಾಲ್ಕು ಪಟ್ಟಿಗಳು ಹೋದವು. ನನಗೆ ಬೇಜಾರಾಯಿತು. 'ಯಾರಿಗೆ ಕಟ್ಟುಬಿದ್ದಿದ್ದಾನೆ', 'ಎಲ್ಲಿ ಜಾರುತ್ತಾನೆ' ಅನ್ನುವ ಎರಡನ್ನು ನಮ್ಮ ಮೇಜಿನಲ್ಲಿ ಇನ್ನೂ ಬಿಟ್ಟಿಲ್ಲ.

ಬಾಕಿ ಅಂದರೆ ಏನು

ಬ್ಯಾಕ್‌ಸ್ಟೋರಿ ಅಂದ ಕೂಡಲೇ ನಾವು ಕಥೆ ಬರೆಯಲು ಕೂರುತ್ತೇವೆ. ಕಥೆಗೆ ಮೊದಲು, ನಡು, ಕೊನೆ ಅಂತ ಇರುತ್ತದೆ. ಕೊನೆ ಇದ್ದರೆ ಆಟಕ್ಕೆ ಕೆಲಸವಿಲ್ಲ. ಆಟಕ್ಕೆ ಬೇಕಾದದ್ದು ತೀರದೆ ಉಳಿದ ಲೆಕ್ಕ. ಕಿರಾಣಿ ಅಂಗಡಿಯ ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಅಂಥ ಬಾಕಿ. ನಿಮ್ಮ ಪಾತ್ರ ಯಾರಿಗೋ ಏನೋ ಕೊಡಬೇಕು. ಇಲ್ಲವೇ ಯಾರೋ ನಿಮ್ಮ ಪಾತ್ರಕ್ಕೆ ಕೊಡಬೇಕು. ಕೊಡಬೇಕಾದದ್ದು ದುಡ್ಡೇ ಆಗಬೇಕಿಲ್ಲ. ಕ್ಷಮೆ ಆಗಬಹುದು, ಉತ್ತರ ಆಗಬಹುದು, ಒಂದು ಹೆಣದ ಸಂಸ್ಕಾರ ಆಗಬಹುದು.

ಕರ್ಣನನ್ನೇ ನೋಡಿ. ಕುರುಕ್ಷೇತ್ರಕ್ಕೆ ಬರುವ ಹೊತ್ತಿಗೆ ಅವನ ತಲೆಯ ಮೇಲೆ ಎಷ್ಟು ಬಾಕಿ! ಹೆತ್ತವಳು ಯಾರೆಂದು ತಿಳಿಯದೆ ಬೆಳೆದದ್ದು. ತುಂಬಿದ ಜನರೆದುರು ಅಂಗರಾಜ್ಯ ಕೊಟ್ಟು ಮಾನ ಉಳಿಸಿದ ದುರ್ಯೋಧನನ ಋಣ. ಸುಳ್ಳು ಹೇಳಿ ವಿದ್ಯೆ ಕಲಿತದ್ದಕ್ಕೆ ಪರಶುರಾಮ ಕೊಟ್ಟ ಶಾಪ. ಹಸು ಕೊಂದದ್ದಕ್ಕೆ ಬ್ರಾಹ್ಮಣನೊಬ್ಬ ಕೊಟ್ಟ ಶಾಪ. ಯಾವುದೂ ತೀರಿಲ್ಲ. ಯುದ್ಧ ಹತ್ತಿರವಾದಂತೆ ಒಂದೊಂದೇ ವಸೂಲಿಗೆ ಬರುತ್ತದೆ. ಕುಂತಿ ಎದುರು ಬಂದು ನಿಲ್ಲುತ್ತಾಳೆ. ದುರ್ಯೋಧನನನ್ನು ಬಿಡುವಂತಿಲ್ಲ. ಬೇಕಾದ ಗಳಿಗೆಯಲ್ಲೇ ಅಸ್ತ್ರ ಮರೆತುಹೋಗುತ್ತದೆ, ಗಾಲಿ ಹೂತುಕೊಳ್ಳುತ್ತದೆ. ಕರ್ಣನ ಹಿಂದಿನ ಕಥೆ ನಮ್ಮನ್ನು ಇಷ್ಟು ಹಿಡಿದಿಡುವುದು ಅದು ದುಃಖದ್ದು ಅನ್ನುವುದಕ್ಕಷ್ಟೇ ಅಲ್ಲ. ಅದರ ಒಂದೊಂದು ಎಳೆಯ ಇನ್ನೊಂದು ತುದಿ ಬದುಕಿರುವ ಯಾರದೋ ಕೈಯಲ್ಲಿದೆ.

ಅದಕ್ಕೇ ನಾನು ಹೊಸಬರಿಗೆ ಮೊದಲು ಹೇಳುವುದು: ಮನೆಯವರನ್ನು ಸಾಯಿಸಬೇಡಿ. ತಂದೆತಾಯಿ ಇಲ್ಲದ ಅನಾಥ ಅಂತ ಬರೆಯುವುದು ಸುಲಭ. ಆದರೆ ಸತ್ತವರು ಪತ್ರ ಬರೆಯುವುದಿಲ್ಲ, ಸಾಲ ಕೇಳುವುದಿಲ್ಲ, ನೀವು ಊರಿಗೆ ಬಂದಾಗ ಬಾಗಿಲು ಹಾಕಿಕೊಳ್ಳುವುದಿಲ್ಲ. ಮದುವೆಗೆ ಬರಲಿಲ್ಲ ಅಂತ ಮಾತು ಬಿಟ್ಟ ತಂಗಿ ಒಬ್ಬಳು ಬದುಕಿದ್ದರೆ ಡಿಎಂ ಕೈಗೆ ಹತ್ತು ವಾರದ ಆಟ ಕೊಟ್ಟ ಹಾಗೆ. ಇಲ್ಲಿ ಡಿಎಂಗಳಿಗೂ ಒಂದು ಮಾತಿದೆ. ಆಟಗಾರ ಬರೆದುಕೊಟ್ಟ ತಂಗಿಯನ್ನು ಮೊದಲ ವಾರವೇ ಕೊಂದು ಕಣ್ಣೀರು ಹಾಕಿಸಲು ಹೋಗಬೇಡಿ. ಒಮ್ಮೆ ಹಾಗಾದರೆ ಆ ಆಟಗಾರ ಮುಂದಿನ ಸಲ ಅನಾಥನನ್ನೇ ತರುತ್ತಾನೆ. ನಂಬಿ ಒಪ್ಪಿಸಿದ್ದನ್ನು ಕಾಪಾಡಬೇಕಾದವರು ನಾವು.

ಇನ್ನೊಂದು, ಲೆವೆಲ್ ನೆನಪಿರಲಿ, ಅಂದರೆ ಪಾತ್ರ ಎಷ್ಟು ಪಳಗಿದೆ ಅನ್ನುವ ಮೆಟ್ಟಿಲು. ಆಟ ಶುರುವಾಗುವುದು ಸಾಮಾನ್ಯವಾಗಿ ಒಂದನೇ ಲೆವೆಲ್‌ನಿಂದ. ಕೊನೆಯದು 20. ಒಂದನೇ ಲೆವೆಲ್‌ನ ಮಂತ್ರವಾದಿಯ ಮೈಕಟ್ಟು ಸಾಧಾರಣವಾಗಿದ್ದರೆ ಅವನಿಗೆ 6 ಹಿಟ್ ಪಾಯಿಂಟ್, ಅಂದರೆ ಅವನು ತಡೆಯಬಲ್ಲ ಪೆಟ್ಟಿನ ಲೆಕ್ಕ. 2014ರ ಪುಸ್ತಕದಲ್ಲಿ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸನ ಕತ್ತಿಯ ಒಂದು ಏಟು ಸರಾಸರಿ 5. ಎರಡನೇ ಏಟಿಗೆ ನಿಮ್ಮವನು ನೆಲದ ಮೇಲೆ. ಹೀಗಿರುವಾಗ 'ಒಬ್ಬನೇ ಒಂದು ಸೇನೆಯನ್ನು ಓಡಿಸಿದ' ಅಂತ ಬರೆದುಕೊಂಡು ಬಂದರೆ ಮೊದಲ ಗಾಬ್ಲಿನ್ ಎದುರೇ ಆ ಮಾತು ಬಿದ್ದುಹೋಗುತ್ತದೆ. ವಯಸ್ಸಾದ, ಅನುಭವ ಇರುವ ಪಾತ್ರವೇ ಬೇಕು ಅಂದರೆ ದಾರಿ ಇದೆ. ಮೂವತ್ತು ವರ್ಷ ಸೇನೆಯಲ್ಲಿ ಅಡಿಗೆ ಮಾಡಿದವನು, ಈಗ ಮೊದಲ ಸಲ ಕತ್ತಿ ಹಿಡಿದಿದ್ದಾನೆ. ಇಲ್ಲವೇ ಪೆಟ್ಟು ಬಿದ್ದು ಹತ್ತು ವರ್ಷ ಹಾಸಿಗೆ ಹಿಡಿದಿದ್ದವಳು ಮತ್ತೆ ಎದ್ದಿದ್ದಾಳೆ. ಸಂಖ್ಯೆಗಳು ಹೇಳುವುದಕ್ಕೂ ನೀವು ಹೇಳುವುದಕ್ಕೂ ತಾಳೆ ಬೀಳಬೇಕು, ಅಷ್ಟೇ.

'ಯಾರನ್ನೂ ನಂಬದ ಒಂಟಿ' ಅನ್ನುವ ಪಾತ್ರವನ್ನು ನಾನು ಮೊದಲೇ ಬೇಡ ಅನ್ನುತ್ತೇನೆ. ಇದು ಗುಂಪಿನ ಆಟ. ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದ ನಾಲ್ಕು ಜನರ ಬೆನ್ನಿಗೆ ನಿಮ್ಮ ಪಾತ್ರ ಯಾಕೆ ನಿಲ್ಲುತ್ತದೆ ಅನ್ನುವುದಕ್ಕೆ ಒಂದು ಕಾರಣ ನೀವೇ ತರಬೇಕು. ಅದನ್ನು ಡಿಎಂ ಹುಡುಕಿಕೊಡಲಿ ಅಂತ ಬಿಟ್ಟರೆ ಅರ್ಧ ಆಟ ನಿಮ್ಮನ್ನು ಒಪ್ಪಿಸುವುದರಲ್ಲೇ ಹೋಗುತ್ತದೆ.

ಪತ್ರ ಬರಹಗಾರ್ತಿ ವೆಲ್ಲಾ

ಈಗ ಒಂದು ಪಾತ್ರವನ್ನು ಹತ್ತಿರದಿಂದ ನೋಡೋಣ. ಕಳೆದ ವರ್ಷ ನಾವು 2014ರ ಸ್ಟಾರ್ಟರ್ ಸೆಟ್ ಅನ್ನುವ ಹೊಸಬರ ಪೆಟ್ಟಿಗೆಯ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಸಾಹಸವನ್ನು ಹೊಸ ನಿಯಮಗಳಲ್ಲಿ ಆಡಿದೆವು. ನೆವರ್‌ವಿಂಟರ್ ಅನ್ನುವ ನಗರದಿಂದ ಫ್ಯಾಂಡಾಲಿನ್ ಅನ್ನುವ ಚಿಕ್ಕ ಊರಿಗೆ ಒಂದು ಗಾಡಿ ಸಾಮಾನು ತಲುಪಿಸುವುದರಿಂದ ಆ ಸಾಹಸ ಶುರು. ಮುಂದೆ ಆಡಬೇಕು ಅಂದುಕೊಂಡವರು ಈ ಕೆಳಗಿನ ಪ್ಯಾರಾ ಒಂದನ್ನು ಬಿಟ್ಟು ಓದಿ.

ಆ ಪೆಟ್ಟಿಗೆಯಲ್ಲಿ ಐದು ಸಿದ್ಧ ಪಾತ್ರಗಳಿವೆ. ಒಬ್ಬ ಹಳ್ಳಿಯ ವೀರ, ಬಿಲ್ಲುಗಾರ. ಅವನ ಹೆತ್ತವರು ಥಂಡರ್‌ಟ್ರೀ ಅನ್ನುವ ಊರಿನವರು. ಹೋಟೆನೌ ಬೆಟ್ಟ ಬೆಂಕಿ ಉಗುಳಿದಾಗ ಕೂಸನ್ನು ಎತ್ತಿಕೊಂಡು ಓಡಿಬಂದವರು. ಈಗ ಆ ಪಾಳು ಊರಿನಲ್ಲಿ ಹಸಿರು ಡ್ರ್ಯಾಗನ್ ಬೀಡುಬಿಟ್ಟಿದೆ. ಸಾಹಸದ ದಾರಿ ಅಲ್ಲಿಗೂ ಹೋಗುತ್ತದೆ. ನಾಲ್ಕು ಸಾಲಿನ ಹಿನ್ನೆಲೆ ಅಷ್ಟೇ. ಆದರೆ ಅವನು ಆ ಊರಿನ ಬೀದಿಯಲ್ಲಿ ಕಾಲಿಟ್ಟಾಗ ಉಳಿದವರಿಗೆ ಅದು ಬರೀ ಡ್ರ್ಯಾಗನ್ ಇರುವ ಜಾಗ, ಅವನಿಗೆ ಅಪ್ಪನ ಮನೆ. ಅದಕ್ಕೇ ಬರೆಯುವ ಮೊದಲು ಡಿಎಂನ ಕೇಳಿ: ನಾವು ಎಲ್ಲಿಗೆ ಹೋಗುತ್ತಿದ್ದೇವೆ? ನಿಮ್ಮ ಬಾಕಿ ಆ ದಾರಿಯಲ್ಲೇ ಎಲ್ಲೋ ಇರಲಿ.

ನಮ್ಮ ಗೆಳತಿಯೊಬ್ಬಳು ತಂದ ಮೊದಲ ಪ್ರತಿ ಹೀಗಿತ್ತು (ಹಾಫ್ಲಿಂಗ್ ಅಂದರೆ ಕುಳ್ಳ ಜನ, ಓರ್ಕ್ ಅಂದರೆ ಒಂದು ಬಗೆಯ ರಾಕ್ಷಸ): "ವೆಲ್ಲಾ. ಹಾಫ್ಲಿಂಗ್, ಕಳ್ಳಿ. ಅಪ್ಪ ಅಮ್ಮನನ್ನು ಓರ್ಕ್‌ಗಳು ಕೊಂದರು. ಬೀದಿಯಲ್ಲಿ ಬೆಳೆದಳು. ಯಾರನ್ನೂ ನಂಬುವುದಿಲ್ಲ." ನಾನು ಕೇಳಿದ್ದು ಒಂದೇ: "ಬೆಳಿಗ್ಗೆ ಎದ್ದು ಏನು ಕೆಲಸ ಮಾಡ್ತಿದ್ದಳು?"

ಅವಳು ಸ್ವಲ್ಪ ಯೋಚಿಸಿದಳು. ಅವಳ ಮನೆಯ ಹತ್ತಿರ ಸಬ್ ರಿಜಿಸ್ಟ್ರಾರ್ ಕಚೇರಿ ಇದೆ. ಹೊರಗೆ ಮೇಜು ಹಾಕಿಕೊಂಡು ಪತ್ರ ಬರಹಗಾರರು ಕೂರುತ್ತಾರೆ. ಅದು ನೆನಪಾಯಿತು. 2024ರ ಪುಸ್ತಕದಲ್ಲಿ 'ಸ್ಕ್ರೈಬ್' ಅನ್ನುವ ಹಿನ್ನೆಲೆಯೂ ಇದೆ. ಹುಡುಕಿ ತೆಗೆಯುವ, ಗಮನಿಸಿ ನೋಡುವ ಕೌಶಲ ಕೊಡುತ್ತದೆ, ಬರವಣಿಗೆಯ ಸಾಮಾನು ಕೊಡುತ್ತದೆ. ಹಾಗೆ ವೆಲ್ಲಾ ನೆವರ್‌ವಿಂಟರ್‌ನಲ್ಲಿ ಒಬ್ಬ ಯಜಮಾನನ ಕೈಕೆಳಗೆ ದಸ್ತಾವೇಜು ನಕಲು ಮಾಡುವವಳಾದಳು. ಹಾಫ್ಲಿಂಗ್‌ಗಳು ಮೂರಡಿ ಎತ್ತರ. ಮೇಜು ಎಟುಕುವುದಿಲ್ಲ. ಮಗುಚಿದ ಪೆಟ್ಟಿಗೆಯ ಮೇಲೆ ನಿಂತು ಬರೆಯುತ್ತಿದ್ದಳು. ಪೆಟ್ಟಿಗೆಯ ಮಾತು ಬಂದ ಕೂಡಲೇ ಮೇಜಿನ ಸುತ್ತ ಇದ್ದವರಿಗೆಲ್ಲ ಅವಳು ಕಣ್ಣಿಗೆ ಕಟ್ಟಿದಳು. ಓರ್ಕ್‌ಗಳನ್ನು ಯಾರೂ ಕೇಳಲಿಲ್ಲ.

"ಯಾವತ್ತಾದ್ರೂ ಬರೆಯಬಾರದ್ದು ಬರೆದಿದ್ದಾಳಾ?" ಅಂದೆ. ಆಗ ಕಥೆ ತಾನಾಗಿ ಬಂತು. ಒಂದು ದಿನ ಯಜಮಾನ ಒಂದು ಕ್ರಯಪತ್ರ ಬರೆಸಿದ. ಸತ್ತುಹೋದವನೊಬ್ಬನ ರುಜು ನಕಲು ಮಾಡಿಸಿದ. ಫ್ಯಾಂಡಾಲಿನ್‌ನಲ್ಲಿ ಅವನಿಗೊಂದು ಮನೆ ಇತ್ತಂತೆ. ಸಾಯುವ ಮೊದಲೇ ಅವನು ಅದನ್ನು ಮಾರಿದ್ದ ಅನ್ನುವ ಹಾಗೆ ಪತ್ರ. ಮೊದಲ ಪ್ರತಿಯಲ್ಲಿ ಶಾಯಿ ಚೆಲ್ಲಿತು. ಎರಡನೆಯದು ಚೆನ್ನಾಗಿ ಬಂತು. ಆಮೇಲೆ ಗೊತ್ತಾಯಿತು, ಅವನ ಹೆಂಡತಿ ಇನ್ನೂ ಆ ಮನೆಯಲ್ಲೇ ಇದ್ದಳು ಅಂತ.

"ಎಷ್ಟು ಸಿಕ್ಕಿತು?" ಅಂದೆ. ಇಂಥ ಕಡೆ 'ತುಂಬ ದುಡ್ಡು' ಅಂತ ಬರೆಯಬೇಡಿ. ಕೈಪಿಡಿಯಲ್ಲಿ ಬೆಲೆಪಟ್ಟಿ ಇದೆ, ತೆಗೆದು ನೋಡಿ. ಕೂಲಿಯಾಳಿನ ದಿನಗೂಲಿ 2 ಬೆಳ್ಳಿ ನಾಣ್ಯ. ಕಸುಬು ಬಲ್ಲವನಿಗೆ 2 ಚಿನ್ನ. ಹತ್ತು ಬೆಳ್ಳಿಗೆ ಒಂದು ಚಿನ್ನ. ಗೆಳತಿ ಪಟ್ಟಿ ನೋಡಿ, ಲೆಕ್ಕ ಹಾಕಿ, "15 ಚಿನ್ನ" ಅಂದಳು. ಕೂಲಿಯಾಳಿನ 75 ದಿನದ ದುಡಿಮೆ. ಒಂದು ಮನೆ ಹೋಗುವುದಕ್ಕೆ ತೀರ ಕಡಿಮೆ, ಬೇಡ ಅನ್ನಲು ತೀರ ಜಾಸ್ತಿ. ಆ ಒಂದು ಅಂಕಿಯಲ್ಲಿ ವೆಲ್ಲಾ ಎಂಥವಳು ಅನ್ನುವುದು ನನಗೆ ತಿಳಿಯಿತು.

ಶಾಯಿ ಚೆಲ್ಲಿದ ಮೊದಲ ಪ್ರತಿಯನ್ನು ವೆಲ್ಲಾ ಬಿಸಾಡಲಿಲ್ಲ. ಮಡಚಿ ಅಂಗಿಯ ಒಳಗೆ ಹೊಲಿದುಕೊಂಡಿದ್ದಾಳೆ. ಯಜಮಾನನನ್ನು ಹಿಡಿಸಲು ಅದೇ ಸಾಕ್ಷಿ. ಅವಳನ್ನು ಹಿಡಿಸಲೂ ಅದೇ ಸಾಕ್ಷಿ. ಗುಟ್ಟು ಇರುವ ಪಾತ್ರಗಳಿಗೆ ಇಂಥದ್ದೊಂದು ವಸ್ತು ಬೇಕೇಬೇಕು ಅನ್ನುತ್ತೇನೆ. ಮನಸ್ಸಿನಲ್ಲೇ ಇರುವ ಗುಟ್ಟನ್ನು ನೀವು ಹೇಳುವವರೆಗೆ ಅದು ಯಾರಿಗೂ ಸಿಗುವುದಿಲ್ಲ. ಎಷ್ಟೋ ಆಟ ಹಾಗೇ ಮುಗಿದುಹೋಗುತ್ತದೆ. ಕಾಗದ, ಉಂಗುರ, ಮಚ್ಚೆ ಇದ್ದರೆ ಯಾರೋ ನೋಡಬಹುದು, ಕದಿಯಬಹುದು, ಮಳೆಯಲ್ಲಿ ನೆನೆಯಬಹುದು.

ಕೊನೆಗೆ ಒಂದು ಖಾಲಿ ಜಾಗ. ಆ ಹೆಂಗಸು ಈಗ ಎಲ್ಲಿದ್ದಾಳೆ, ಬದುಕಿದ್ದಾಳಾ? ವೆಲ್ಲಾಳಿಗೆ ಗೊತ್ತಿಲ್ಲ. ಗೆಳತಿಯೂ ಬರೆಯಲಿಲ್ಲ. 2012ರ 'ಡಂಜನ್ ವರ್ಲ್ಡ್' ಆಟದಲ್ಲಿ ಆಟ ನಡೆಸುವವರಿಗೆ ಒಂದು ಸೂತ್ರ ಇದೆ: ನಕ್ಷೆ ಬರೆಯಿರಿ, ನಡುವೆ ಖಾಲಿ ಬಿಡಿ. ಬ್ಯಾಕ್‌ಸ್ಟೋರಿಗೂ ಅದು ಹೊಂದುತ್ತದೆ. ಎಲ್ಲವನ್ನೂ ತುಂಬಿದ ಹಾಳೆಯಲ್ಲಿ ಬೇರೆಯವರಿಗೆ ಕೈಯಾಡಿಸಲು ಜಾಗ ಇರುವುದಿಲ್ಲ.

ಇಷ್ಟೂ ಬರೆದಾಗ ಅರ್ಧ ಪುಟ ಆಯಿತು. ಸಾಕು. ಮೂರ್ನಾಲ್ಕು ವಾರ ಆಡಿದ ಮೇಲೆ ಪಾತ್ರದ ದನಿ ನಿಮಗೇ ಸಿಗುತ್ತದೆ. ಆಗ ಬೇಕಾದರೆ ಸೇರಿಸಿ.

ಇನ್ನೊಬ್ಬರ ಕೈಗೆ ಕೊಡುವುದು

2013ರ 'ಫೇಟ್ ಕೋರ್' ಆಟದಲ್ಲಿ ಒಂದು ಪದ್ಧತಿ ಇದೆ. ಮೊದಲು ನಿಮ್ಮ ಪಾತ್ರದ ಒಂದು ಹಳೆಯ ಸಾಹಸ ಬರೆಯುತ್ತೀರಿ. ಆಮೇಲೆ ಅದನ್ನು ಪಕ್ಕದವರಿಗೆ ದಾಟಿಸುತ್ತೀರಿ. ನಿಮ್ಮ ಸಾಹಸದಲ್ಲಿ ತಮ್ಮ ಪಾತ್ರ ಏನು ಮಾಡಿತು ಅಂತ ಅವರು ಬರೆಯುತ್ತಾರೆ. ಇನ್ನೊಮ್ಮೆ ದಾಟಿಸುತ್ತೀರಿ. ಆಟ ಶುರುವಾಗುವ ಹೊತ್ತಿಗೆ ಎಲ್ಲರೂ ಎಲ್ಲೋ ಒಂದು ಕಡೆ ಒಬ್ಬರಿಗೊಬ್ಬರು ಸಿಕ್ಕಿದವರೇ. ಡಿ ಅಂಡ್ ಡಿ ಪುಸ್ತಕದಲ್ಲಿ ಇದು ಇಲ್ಲ, ಆದರೆ ಮಾಡಬಾರದು ಅಂತಲೂ ಇಲ್ಲ. ನಾವು ಮಾಡುತ್ತೇವೆ. ಆಟಕ್ಕೆ ಮೊದಲು ಎಲ್ಲರೂ ಸೇರುವ ದಿನಕ್ಕೆ 'ಸೆಷನ್ ಝೀರೋ' ಅನ್ನುತ್ತಾರೆ. ಅವತ್ತೇ ಒಬ್ಬೊಬ್ಬರೂ ತಮ್ಮ ಅರ್ಧ ಪುಟ ಗಟ್ಟಿಯಾಗಿ ಓದಬೇಕು. ಯಾವ ವಿಷಯ ಮೇಜಿಗೆ ಬರುವುದು ಬೇಡ ಅನ್ನುವುದನ್ನೂ ಅವತ್ತೇ ಮಾತಾಡಿಕೊಳ್ಳಿ. ನಿಮ್ಮ ಪಾತ್ರದ ನೋವು ಪಕ್ಕದಲ್ಲಿ ಕೂತವರ ನಿಜವಾದ ನೋವಾಗಿರಬಹುದು.

ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ. ತಾಳಮದ್ದಳೆಯಲ್ಲಿ ಅರ್ಥಧಾರಿ ಪೀಠಿಕೆ ಹೇಳುವುದನ್ನು ಕೇಳಿರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ ಮುಗಿದ ಮೇಲೆ ಕೂತಲ್ಲೇ ಪಾತ್ರವಾಗಿ ಮಾತು ಶುರು. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಒಳ್ಳೆಯ ಅರ್ಥಧಾರಿ ಪೀಠಿಕೆಯಲ್ಲೇ ಎದುರು ಕೂತವನಿಗೆ ಒಂದೆರಡು ಎಳೆ ಬಿಟ್ಟುಕೊಡುತ್ತಾನೆ. ಎದುರಿನವನು ಅದನ್ನು ಹಿಡಿದು ಎಳೆಯುತ್ತಾನೆ. ಪ್ರಸಂಗದ ಕೊನೆ ಅಲ್ಲಿ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಎಳೆ ಬಿಟ್ಟುಕೊಡುವ ಕಲೆ ಒಂದೇ.

ಕನ್ನಡದಲ್ಲಿ ಆಡುವವರಿಗೆ ಇನ್ನೊಂದು ವರ ಇದೆ. ನಮ್ಮ ಮೇಜಿನಲ್ಲಿ ನಿಯಮದ ಮಾತೆಲ್ಲ ಇಂಗ್ಲಿಷ್ ಪದಗಳಲ್ಲೇ. ರೋಲ್, ಅಟ್ಯಾಕ್, ಸೇವ್ ಅಂತೇವೆ. ಪಾತ್ರಗಳು ಮಾತಾಡುವುದು ಕನ್ನಡ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ನೀವು ಒಂದು ತೀರ್ಮಾನ ಮಾಡಬೇಕು: ನೀನು ಅನ್ನಬೇಕಾ, ನೀವು ಅನ್ನಬೇಕಾ? ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿದರೆ ಅರ್ಧ ಬ್ಯಾಕ್‌ಸ್ಟೋರಿ ಸಿಕ್ಕ ಹಾಗೆ. ವೆಲ್ಲಾ ಎಲ್ಲರಿಗೂ ನೀವು ಅನ್ನುತ್ತಾಳೆ. ಕಚೇರಿಯಲ್ಲಿ ವರ್ಷಗಟ್ಟಲೆ ಗಿರಾಕಿಗಳ ಜೊತೆ ಮಾತಾಡಿ ಬಂದ ರೂಢಿ. ಗುಂಪಿನ ಮುದುಕ ಡ್ವಾರ್ಫ್ ಎಲ್ಲರಿಗೂ ನೀನು ಅನ್ನುತ್ತಾನೆ, ದೇವರಿಗೂ. ಕತ್ತಿ ಹಿಡಿಯುವ ಫೈಟರ್ ದೊಡ್ಡಮನೆಯ ಹುಡುಗ. ಅವನು ವೆಲ್ಲಾಳಿಗೆ ಮೊದಲ ದಿನದಿಂದ ನೀನು ಅಂದ. ಮೊದಮೊದಲು ಅದರಲ್ಲಿ ಧಣಿಯ ದನಿ ಇತ್ತು. ಗಾಬ್ಲಿನ್‌ಗಳ ಗುಹೆಯಲ್ಲಿ ಅವಳು ಅವನ ಜೀವ ಉಳಿಸಿದ ಮೇಲೆ ಅದೇ ನೀನು ಅಣ್ಣ ಕರೆದ ಹಾಗೆ ಕೇಳತೊಡಗಿತು. ನಿಮ್ಮ ಪಾತ್ರ ಯಾರಿಗೆ ಏನನ್ನುತ್ತದೆ ಅಂತ ಹಾಳೆಯ ಮೂಲೆಯಲ್ಲಿ ಬರೆದಿಡಿ. ಬದಲಾದಾಗ ಎಲ್ಲರಿಗೂ ಕೇಳಿಸುತ್ತದೆ.

ಸೆಷನ್ ಝೀರೋ ದಿನ ಗೆಳತಿ ತನ್ನ ಅರ್ಧ ಪುಟ ಓದಿದಾಗ ಫೈಟರ್ ಆಡುವವನು ಸುಮ್ನೆ ಕೇಳುತ್ತಾ ಕೂತಿದ್ದ. ಅವನ ಪಾತ್ರದ ಅಪ್ಪನಿಗೆ ಒಬ್ಬ ತಮ್ಮ ಇದ್ದ, ಬಡ ಹುಡುಗಿಯನ್ನು ಮದುವೆಯಾಗಿ ಮನೆ ಬಿಟ್ಟುಹೋದ ಅಂತ ಅವನು ಆಗಲೇ ಬರೆದಿದ್ದ. ಎಲ್ಲ ಓದಿ ಮುಗಿದ ಮೇಲೆ ಗೆಳತಿಯ ಕಡೆ ತಿರುಗಿ ಕೇಳಿದ: "ಆ ಹೆಂಗಸು ನನ್ನ ಚಿಕ್ಕಮ್ಮ ಆಗಬಹುದಾ?"

ಗೆಳತಿ ಒಪ್ಪಿದಳು. ಆಡುವ ಇಬ್ಬರಿಗೂ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಆರು ವಾರ ಹಾಗೇ ನಡೆಯಿತು. ಇಬ್ಬರೂ ಒಂದೇ ಬೆಂಕಿಯ ಮುಂದೆ ಕೂತು ಊಟ ಮಾಡುವಾಗೆಲ್ಲ ಉಳಿದ ನಾವು ಉಸಿರು ಹಿಡಿದು ನೋಡುತ್ತಿದ್ದೆವು.

ಏಳನೇ ವಾರ ಫ್ಯಾಂಡಾಲಿನ್‌ನ ಸ್ಟೋನ್‌ಹಿಲ್ ಛತ್ರದಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಫೈಟರ್‌ನ ಮುಖ ನೋಡಿ ನಿಂತಳು ಅಂತ ಹೇಳಿದೆ. ಗಂಡನ ಮನೆಯವರ ಮೂಗು ಅವಳಿಗೆ ಗುರುತು ಸಿಕ್ಕಿತು. ಮನೆ ಹೋದ ಕಥೆ ಹೇಳಿದಳು. ಯಾರೋ ಪತ್ರ ತಂದು ತೋರಿಸಿದರಂತೆ, ಅಕ್ಷರ ಬಹಳ ಚೆನ್ನಾಗಿತ್ತಂತೆ.

ಗೆಳತಿ ತನ್ನ ಮುಂದಿನ ದಾಳಗಳನ್ನು ಪಕ್ಕಕ್ಕೆ ಸರಿಸಿದಳು. "ವೆಲ್ಲಾ ಅಂಗಿಯ ಹೊಲಿಗೆ ಬಿಚ್ತಾಳೆ. ಕಾಗದ ತೆಗೆದು ಮೇಜಿನ ಮೇಲೆ ಇಡ್ತಾಳೆ." ಅಷ್ಟೇ ಹೇಳಿದಳು.

ಫೈಟರ್ ಆಡುವವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಎಷ್ಟು ಕೊಟ್ಟರು ನಿಮಗೆ?"

ಆರು ವಾರದಿಂದ ನೀನು ಅನ್ನುತ್ತಿದ್ದವನು.

"15 ಚಿನ್ನ."

ಅವನು ತನ್ನ ಹಾಳೆ ನೋಡಿದ. ಪುಸ್ತಕ ಎಳೆದುಕೊಂಡು ಬೆಲೆಪಟ್ಟಿ ತೆಗೆದ. ಬೆರಳಿಟ್ಟು ಒಂದು ಸಾಲು ಹುಡುಕಿದ. ಉದ್ದ ಕತ್ತಿ, 15 ಚಿನ್ನ.

"ಕತ್ತಿ ಬಿಚ್ಚಿ ಅವಳ ಮುಂದೆ ಇಡ್ತೀನಿ" ಅಂದ. ಆಮೇಲೆ ಪಾತ್ರದ ದನಿಯಲ್ಲಿ ಹೇಳಿದ: "ಇದರ ಬೆಲೆಯೂ ಅಷ್ಟೇ. ತಗೊಳ್ಳಿ. ಇನ್ನೊಂದು ಪತ್ರ ಬರೀರಿ."